ಕಂಡುಹಿಡಿದವರ ಪುಸ್ತಕ: ಅರ್ಧಕ್ಕೆ ಮುಚ್ಚಿ, ಕತ್ತರಿ ಎತ್ತಿಕೊಳ್ಳಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಯಂತ್ರ, ಉಪಕರಣಗಳನ್ನು ಕಂಡುಹಿಡಿದವರ ಬಗ್ಗೆ ಇರುವ ಮಕ್ಕಳ ಪುಸ್ತಕಗಳನ್ನು ತರಗತಿಯಲ್ಲಿ ಹೇಗೆ ಬಳಸುವುದು? ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಿಕ್ಷಕರು, ಪೋಷಕರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಐದನೇ ತರಗತಿ, 28 ಮಕ್ಕಳು, ಪುಸ್ತಕ ಒಂದೇ ಪ್ರತಿ. ಜೋರಾಗಿ ಓದಿ ಮುಗಿಸುತ್ತೇನೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಮುಂದೆ ಏನೂ ಆಗುವುದಿಲ್ಲ. ಎಲ್ಲಿ ಎಡವುತ್ತಿದ್ದೇನೆ?
— ಸಹಶಿಕ್ಷಕಿ, ಜಗಳೂರು ತಾಲ್ಲೂಕು

ಓದಿ ಮುಗಿಸುವುದೇ ತೊಡಕು. ಈ ಬಗೆಯ ಪುಸ್ತಕಗಳ ನಡೆ ಹೆಚ್ಚುಕಡಿಮೆ ಒಂದೇ: ಮೊದಲು ಯಾರಿಗೋ ಒಂದು ತೊಂದರೆ, ನಡುವೆ ಪರದಾಟ, ಕೊನೆಗೆ ಗೆಲುವು. ಗೆಲುವಿನ ಪುಟ ನೋಡಿಬಿಟ್ಟ ಮಗುವಿಗೆ ಯೋಚಿಸಲು ಏನೂ ಉಳಿಯುವುದಿಲ್ಲ, ಚಪ್ಪಾಳೆಯೊಂದೇ ಬಾಕಿ. ಹಿಂದಿನ ದಿನವೇ ಪುಸ್ತಕ ಓದಿ, ತೊಂದರೆ ಪೂರ್ತಿ ಗೊತ್ತಾಗಿ ಪರಿಹಾರದ ಚಿತ್ರ ಇನ್ನೂ ಬಾರದ ಪುಟದಲ್ಲಿ ಒಂದು ಚೀಟಿ ಇಡಿ. ತರಗತಿಯಲ್ಲಿ ಅಲ್ಲಿಗೆ ನಿಲ್ಲಿಸಿ ಪುಸ್ತಕವನ್ನು ಬೀರುವಿನೊಳಗೆ ಇಟ್ಟುಬಿಡಿ. ಮೇಜಿನ ಮೇಲಿಟ್ಟರೆ ಮುಂದಿನ ಸಾಲಿನವರು ಇಣುಕದೆ ಬಿಡುವುದಿಲ್ಲ.

ನಿಮ್ಮ ಸೀಮೆಗೆ ಹೊಂದುವ ಉದಾಹರಣೆ ಮಾರ್ಗರೆಟ್ ನೈಟ್. 1838ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಕೆ ಚಿಕ್ಕವಯಸ್ಸಿನಲ್ಲೇ ಅಲ್ಲಿನದೇ ಮ್ಯಾಂಚೆಸ್ಟರ್ ಎಂಬ ಊರಿನ ಹತ್ತಿ ಗಿರಣಿಗೆ ಕೆಲಸಕ್ಕೆ ಸೇರಿದರು. (ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಪಕ್ಕದಲ್ಲೇ ಇದ್ದು ಇದನ್ನು ಹೇಳದೆ ಬಿಡಬೇಡಿ. ಗಿರಣಿಯಲ್ಲಿ ದುಡಿದ ಅಜ್ಜ ಯಾರ ಮನೆಯಲ್ಲಾದರೂ ಇದ್ದಾರೆಯೇ ಎಂದೂ ಕೇಳಿ.) ಮಗ್ಗದಿಂದ ಲಾಳಿ ಸಿಡಿದು ಗಾಯವಾಗುವುದನ್ನು ಕಂಡು, ಅದನ್ನು ತಡೆಯುವ ಸಾಧನ ಯೋಚಿಸಿದಾಗ ಆಕೆಗೆ ಸುಮಾರು 12 ವರ್ಷ. ಮುಂದೆ ಕಾಗದದ ಚೀಲದ ಕಾರ್ಖಾನೆಗೆ ಸೇರಿದರು. ಅಲ್ಲಿ ಯಂತ್ರದಿಂದ ಬರುತ್ತಿದ್ದದ್ದು ಲಕೋಟೆಯಂಥ ಚಪ್ಪಟೆ ಚೀಲ. ತಳವಿರುವ ಚೀಲ ಬೇಕೆಂದರೆ ಕೈಯಲ್ಲೇ ಮಡಚಬೇಕಿತ್ತು. ಇಲ್ಲಿಗೆ ಓದು ನಿಲ್ಲಲಿ.

ನಾಲ್ಕು ಮಕ್ಕಳ ಏಳು ಗುಂಪು ಮಾಡಿ. ಗುಂಪಿಗೆ ಹಳೆಯ ದಿನಪತ್ರಿಕೆಯ ನಾಲ್ಕು ಪುಟ, ಒಂದು ಅಳತೆಪಟ್ಟಿ, ಕತ್ತರಿ, ಅರ್ಧ ಕಪ್ ಅಂಟು. ಅಂಟಿಗೆ ಫೆವಿಕಾಲ್ ಬೇಕಿಲ್ಲ. ಮೂರು ದೊಡ್ಡ ಚಮಚ ಮೈದಾವನ್ನು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಒಂದು ಲೋಟ (200 ಮಿ.ಲೀ.) ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ನಾಲ್ಕೈದು ನಿಮಿಷದಲ್ಲಿ ಬಿಳಿ ಬಣ್ಣ ಹೋಗಿ ಗಂಜಿಯಂತಾದಾಗ ಇಳಿಸಿ. ಏಳು ಗುಂಪಿಗೆ ಇದರ ನಾಲ್ಕರಷ್ಟು ಬೇಕಾದೀತು. ಹುಳ ಬಾರದಿರಲೆಂದು ಬೈಂಡಿಂಗ್ ಮಾಡುವವರು ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಖಂಡಿತ ಬೇಡ. ಬೆಳಿಗ್ಗೆ ಮಾಡಿದ್ದನ್ನು ಅಂದೇ ಮುಗಿಸಿ.

ಮೊದಲ ಪೀರಿಯಡ್‌ನಲ್ಲಿ 10 ನಿಮಿಷ ಓದು, ಉಳಿದದ್ದೆಲ್ಲ ಕೈಕೆಲಸ. ಹೇಳಬೇಕಾದದ್ದು ಇಷ್ಟೇ: "ಕಾಲು ಕಿಲೋ ಶೇಂಗಾ ಹಾಕಿದ ಚೀಲ ಯಾರೂ ಹಿಡಿಯದೆ ಒಂದು ನಿಮಿಷ ನೆಟ್ಟಗೆ ನಿಲ್ಲಬೇಕು." ಹೇಗೆ ಮಾಡಬೇಕೆಂದು ಹೇಳಬೇಡಿ. ಹೆಚ್ಚಿನವರು ಕಿರಾಣಿ ಅಂಗಡಿಯ ಚಪ್ಪಟೆ ಚೀಲವನ್ನೇ ಮಾಡುತ್ತಾರೆ, ಅದು ಮಗುಚಿಕೊಳ್ಳುತ್ತದೆ. ಮಗುಚಲಿ. ಶೇಂಗಾ ತಿನ್ನುವ ಕಾರ್ಯಕ್ರಮವನ್ನು ಮಾತ್ರ ಮರುದಿನಕ್ಕೆ ಇಟ್ಟುಕೊಳ್ಳಿ.

ಎರಡನೇ ದಿನ, ಬೇಕೆಂದು ಕೇಳಿದ ಗುಂಪಿಗೆ ಅಳತೆ ಕೊಡಿ. ಪತ್ರಿಕೆಯ ಒಂದು ಪುಟವನ್ನು (ಸುಮಾರು 35 × 55 ಸೆಂ.ಮೀ.) ಅಡ್ಡಲಾಗಿ ಹಾಸಿ, ಎಡ ಬಲದ ಅಂಚುಗಳನ್ನು ನಡುವಿಗೆ ತಂದು, ಒಂದರ ಮೇಲೊಂದು 2 ಸೆಂ.ಮೀ. ಬರುವಂತೆ ಅಂಟಿಸಿದರೆ ಕೊಳವೆಯಾಗುತ್ತದೆ. ಅಂಟಿಸುವಾಗ ಒಳಗೆ ಅಳತೆಪಟ್ಟಿ ತೂರಿಸಿಡಿ. ಇಲ್ಲದಿದ್ದರೆ ಅಂಟು ಸೋರಿ ಮುಂದಿನ ಪದರ ಹಿಂದಿನದಕ್ಕೆ ಕಚ್ಚಿಕೊಳ್ಳುತ್ತದೆ. ಕೊಳವೆಯ ಕೆಳಭಾಗವನ್ನು 10 ಸೆಂ.ಮೀ. ಮೇಲಕ್ಕೆ ಮಡಚಿ ಗೆರೆ ಒತ್ತಿ. ಆ ಮಡಿಕೆಯ ಬಾಯಿ ಬಿಡಿಸಿ, ಎರಡು ಬದಿಯಲ್ಲೂ ತ್ರಿಕೋನ ಬರುವಂತೆ ಚಪ್ಪಟೆಯಾಗಿ ಒತ್ತಿ. ಈಗ ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ನಡುಗೆರೆ ದಾಟಿ 1 ಸೆಂ.ಮೀ. ಬರುವಂತೆ ಮಡಚಿ ಅಂಟಿಸಿದರೆ 9 ಸೆಂ.ಮೀ. ಅಗಲದ ತಳ ಸಿಗುತ್ತದೆ. ಅಂಚುಗಳು ನಡುಗೆರೆ ದಾಟದಿದ್ದರೆ ತಳದ ಮಧ್ಯೆ ಸೀಳು ಉಳಿದು ಕಾಳು ಸೋರುತ್ತದೆ. ಅಂಟು ನೀರಾದರೆ ಪತ್ರಿಕೆಯ ಕಾಗದ ನೆನೆದು ಮಡಿಕೆಯಲ್ಲೇ ಹರಿಯುತ್ತದೆ. ಮಡಿಕೆ 5–6 ಸೆಂ.ಮೀ. ಮಾತ್ರ ಇದ್ದರೆ ತಳ ಕಿರಿದಾಗಿ ಚೀಲ ವಾಲುತ್ತದೆ. ಯಾವ ಗುಂಪಿನ ಚೀಲ ಏಕೆ ಬಿತ್ತು ಎಂಬುದನ್ನು ಆ ಗುಂಪಿನವರೇ ಹೇಳಲಿ.

ಆಮೇಲೆ ಪುಸ್ತಕ ಹೊರಗೆ ತೆಗೆಯಿರಿ. ಮಕ್ಕಳ ಕೈ ಇಷ್ಟು ಒದ್ದಾಡಿದ ಕೆಲಸವನ್ನು ನೈಟ್ ರೂಪಿಸಿದ ಒಂದು ಯಂತ್ರ ತಾನೇ ಮಡಚಿ, ಅಂಟಿಸಿ, ಹೊರಹಾಕಿತು ಎಂದು ಓದುವಾಗ ಅವರ ಮುಖ ನೋಡಿ. "ಇದರಿಂದ ಕಲಿಯುವ ನೀತಿ ಏನು?" ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. "ಯಂತ್ರಕ್ಕೆ ಯಾವ ಮಡಿಕೆ ಕಷ್ಟವಾಗಿದ್ದೀತು?" ಎಂದು ಕೇಳಿ.

"ನಿಮ್ಮ ಮಗ ದಡ್ಡ" ಎಂದು ಶಾಲೆ ಬರೆದ ಪತ್ರವನ್ನು ಎಡಿಸನ್‌ನ ತಾಯಿ "ನಿಮ್ಮ ಮಗ ಮಹಾ ಮೇಧಾವಿ" ಎಂದು ಓದಿ ಹೇಳಿದರಂತೆ. ವಾಟ್ಸಾಪ್‌ನಲ್ಲಿ ಬಂದ ಈ ಕಥೆಯನ್ನು ಪ್ರಾರ್ಥನೆಯ ವೇಳೆ ಹೇಳಿಸಬಹುದೇ?
— ಮುಖ್ಯಶಿಕ್ಷಕರು, ದಾವಣಗೆರೆ

ಬೇಡ, ಅದು ಕಟ್ಟುಕಥೆ. ಎಡಿಸನ್ ಶಾಲೆಯಲ್ಲಿದ್ದದ್ದು ಸ್ವಲ್ಪ ಕಾಲ, ಆಮೇಲೆ ತಾಯಿ ಮನೆಯಲ್ಲೇ ಕಲಿಸಿದರು, ಇಷ್ಟು ನಿಜ. ಮೇಷ್ಟ್ರು ತನ್ನನ್ನು ತಲೆ ಕೆಟ್ಟವನು ಎಂದದ್ದು ಬಾಲಕನ ಕಿವಿಗೇ ಬಿದ್ದಿತ್ತು, ಅದನ್ನು ಅವನೇ ತಾಯಿಗೆ ಹೇಳಿದ ಎಂಬುದು ಎಡಿಸನ್‌ನದೇ ನೆನಪು. ಅಂದಮೇಲೆ ಮುಚ್ಚಿಡುವ ಪತ್ರಕ್ಕೆ ಜಾಗವೆಲ್ಲಿ?

ಜೇಮ್ಸ್ ವಾಟ್ ಕೆಟಲ್ ಮುಚ್ಚಳ ಕುಣಿಯುವುದನ್ನು ಕಂಡು ಉಗಿಯಂತ್ರ ಕಂಡುಹಿಡಿದ ಎನ್ನುವ ಪುಸ್ತಕಗಳೂ ಇದೇ ಸಾಲಿನವು. ಇಂಗ್ಲೆಂಡಿನ ನ್ಯೂಕೊಮೆನ್ ಎಂಬಾತನ ಉಗಿಯಂತ್ರ 1712ರಿಂದಲೇ ಗಣಿಗಳ ನೀರೆತ್ತುತ್ತಿತ್ತು. ವಾಟ್ ಹುಟ್ಟಿದ್ದು 1736ರಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಆ ಯಂತ್ರದ ಮಾದರಿ ರಿಪೇರಿಗೆ ಬಂದಾಗ, ಸಿಲಿಂಡರನ್ನು ಪ್ರತಿ ಸಲ ಕಾಯಿಸಿ ತಣಿಸುವುದರಲ್ಲೇ ಉಗಿಯ ಬಹುಪಾಲು ಹಾಳಾಗುತ್ತಿದೆ ಎಂದು ವಾಟ್ ಗಮನಿಸಿದ. ಉಗಿಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯ 1765ರಲ್ಲಿ ಹೊಳೆಯಿತು, ಪೇಟೆಂಟ್ 1769ರಲ್ಲಿ ಸಿಕ್ಕಿತು. ಕೆಟಲ್ ಕಥೆಗಿಂತ ಇದು ಮಕ್ಕಳಿಗೆ ಹೆಚ್ಚು ಉಪಯೋಗ: ಹೊಸದನ್ನು ಮಾಡುವುದಕ್ಕೆ ಹಳೆಯದನ್ನು ರಿಪೇರಿ ಮಾಡುವುದೂ ಒಂದು ದಾರಿ.

ಪುಸ್ತಕ ಕೊಳ್ಳುವ ಮುನ್ನ ಮೂರು ನೋಡಿ. ಇಸವಿ, ಊರು ಇವೆಯೇ? ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರ ಹೆಸರಿದೆಯೇ? ಬಲ್ಬಿನ ಪುಸ್ತಕದಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಇರಲೇಬೇಕು. ಹೊಸ ವಸ್ತು ಮೊದಮೊದಲು ಹೇಗೆ ಕೆಟ್ಟಿತು ಎಂಬ ವಿವರ ಇದೆಯೇ? 1879ರಲ್ಲಿ ಎಡಿಸನ್‌ನ ತಂಡ ಹೊಲಿಗೆಯ ಹತ್ತಿ ದಾರವನ್ನು ಇದ್ದಿಲಾಗಿಸಿ ಮಾಡಿದ ಬಲ್ಬಿನ ತಂತು ಉರಿದದ್ದು ಹದಿಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಮುಂದೆ ಬಿದಿರಿನ ತಂತು ಸಾವಿರ ಗಂಟೆ ದಾಟಿತು. ಇಂಥ ವಿವರವಿರುವ ಪುಸ್ತಕ ಕೊಳ್ಳಬಹುದು. "ಸಾವಿರ ಸಲ ಸೋತೆ" ಎಂದು ಎಡಿಸನ್ ಹೇಳಿದನೆನ್ನುವ ಮಾತಿನ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಎರಡು ಪುಸ್ತಕ ಕೊಟ್ಟು ಏಳನೇ ತರಗತಿಯವರಿಂದ ಹೋಲಿಸಿ ನೋಡಿಸಿ, ಒಳ್ಳೆಯ ಪಾಠವಾಗುತ್ತದೆ.

ಎಲ್ಲ ಪುಸ್ತಕದಲ್ಲೂ ಅಮೆರಿಕ, ಇಂಗ್ಲೆಂಡ್. ನಮ್ಮ ಮಕ್ಕಳಿಗೆ ಹತ್ತಿರದ್ದು ಬೇಕು. ವಾಣಿವಿಲಾಸ ಸಾಗರ ಕಟ್ಟಿದ ವಿಶ್ವೇಶ್ವರಯ್ಯನವರ ಪುಸ್ತಕದಿಂದ ಶುರು ಮಾಡಬಹುದೇ?
— ವಿಜ್ಞಾನ ಶಿಕ್ಷಕ, ಹಿರಿಯೂರು

ವಿಶ್ವೇಶ್ವರಯ್ಯನವರಿಂದ ಶುರು ಮಾಡಿ, ಆದರೆ ವಾಣಿವಿಲಾಸ ಸಾಗರವನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿರುವ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಅವರ ಸ್ವಂತ ಆವಿಷ್ಕಾರವಾದ ಸ್ವಯಂಚಾಲಿತ ಗೇಟುಗಳು ಮೊದಲು ಕೂತದ್ದು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ, 1903ರಲ್ಲಿ. ನೀರು ಅಪಾಯದ ಮಟ್ಟ ಮುಟ್ಟಿದಾಗ ಯಾರೂ ಎತ್ತದೆಯೇ ತೆರೆದುಕೊಳ್ಳುವ ಬಾಗಿಲು. ನಿಮ್ಮ ಮಕ್ಕಳು 2022ರಲ್ಲಿ, 89 ವರ್ಷದ ಮೇಲೆ ಕೋಡಿ ಬಿದ್ದ ಅಣೆಕಟ್ಟನ್ನು ಕಂಡವರು ಅಥವಾ ಅದರ ವಿಡಿಯೊ ನೋಡಿದವರು. ಹೆಚ್ಚಾದ ನೀರು ತಾನಾಗಿ ಹೊರಹೋಗಬೇಕು, ಹೇಗೆ? ಇಲ್ಲಿ ಪುಸ್ತಕ ಮುಚ್ಚಿ.

ತರಗತಿಯಲ್ಲಿ ಗೇಟಿನ ಮಾದರಿ ಕಷ್ಟ, ಸೈಫನ್ (ನೀರು ಬಾಗಿದ ಕೊಳವೆಯಲ್ಲಿ ಮೇಲೇರಿ ಆಚೆಗೆ ತಾನಾಗಿ ಇಳಿಯುವ ವ್ಯವಸ್ಥೆ) ಸುಲಭ. ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚುವರಿ ನೀರನ್ನು ಹೊರಹಾಕುವುದು ತಾನಾಗಿ ಚಾಲೂ ಆಗುವ ಸೈಫನ್ನೇ. ವಿಶ್ವೇಶ್ವರಯ್ಯನವರ ಗೇಟಿಗೂ ಇದಕ್ಕೂ ಕೆಲಸ ಒಂದೇ, ರೀತಿ ಬೇರೆ ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.

ಒಂದು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ಮಾಡಿ. ಪ್ಲಾಸ್ಟಿಕ್ ಸ್ಟ್ರಾ ಈಗ ನಿಷೇಧ. ತೋಟದ ಡ್ರಿಪ್‌ಗೆ ಬಳಸುವ 5–6 ಮಿ.ಮೀ.ನ ಮೈಕ್ರೋ ಟ್ಯೂಬ್ ಅದಕ್ಕಿಂತ ಒಳ್ಳೆಯದು, ಹಿರಿಯೂರಿನಲ್ಲಿ ತುಂಡು ಸಿಗದ ಮನೆಯಿಲ್ಲ. ಸುಮಾರು 35 ಸೆಂ.ಮೀ. ಉದ್ದ ಸಾಕು. ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ, ಟ್ಯೂಬ್‌ಗಿಂತ ಕೂದಲೆಳೆಯಷ್ಟು ಚಿಕ್ಕ ತೂತು ಮಾಡಿ (ಇದು ಶಿಕ್ಷಕರ ಕೆಲಸ). ಟ್ಯೂಬನ್ನು ತೂರಿಸಿ, ಒಳಗೆ 10 ಸೆಂ.ಮೀ. ಮೇಲೇರಿ, ಬಾಗಿ, ಮತ್ತೆ ಕೆಳಗಿಳಿದು ಅದರ ಬಾಯಿ ಮುಚ್ಚಳದಿಂದ 2 ಸೆಂ.ಮೀ. ಮೇಲೆ ನಿಲ್ಲುವಂತೆ ಮಾಡಿ. ಉಳಿದದ್ದು ಮುಚ್ಚಳದ ಕೆಳಗೆ ನೇತಾಡಲಿ. ತೂತಿನ ಸುತ್ತ ಎಂ-ಸೀಲ್ ಹಚ್ಚಿ ಒಂದು ರಾತ್ರಿ ಬಿಡಿ.

ನೀರು ಹುಯ್ಯಿರಿ. ಬಾಗಿನ ಎತ್ತರ ಮುಟ್ಟುವವರೆಗೆ ಒಂದು ಹನಿ ಬೀಳದು. ದಾಟಿದೊಡನೆ ಧಾರೆ ಶುರುವಾಗಿ, ಬಾಗಿನ ಮಟ್ಟಕ್ಕೆ ಇಳಿದರೂ ನಿಲ್ಲದೆ, ಒಳಗಿನ ಬಾಯಿ ಕಾಣುವವರೆಗೆ ಹರಿಯುತ್ತದೆ. ಹರಿಯದಿದ್ದರೆ ಕಾರಣ ಮೂರರಲ್ಲೊಂದು. ಬಾಗಿನಲ್ಲಿ ಟ್ಯೂಬ್ ಮುರಿದಂತೆ ಚಪ್ಪಟೆಯಾಗಿರುತ್ತದೆ. ಪೆನ್ಸಿಲ್ ಸುತ್ತ ಬಗ್ಗಿಸಿ ಎರಡು ಕಾಲನ್ನೂ ದಾರದಿಂದ ಕಟ್ಟಿ. ಅಥವಾ ನೀರನ್ನು ತೀರಾ ನಿಧಾನ ಹುಯ್ದಿರುತ್ತೀರಿ. ಟ್ಯೂಬ್ ತುಂಬದೆ ಅಂಚಿನಲ್ಲಿ ಜಿನುಗುತ್ತದೆ, ಒಳಗಿನ ಗಾಳಿ ಹೊರಬೀಳುವುದಿಲ್ಲ. ಇಲ್ಲವೇ ಹೊರಗಿನ ತುದಿ ಒಳಗಿನ ಬಾಯಿಗಿಂತ ಮೇಲಿರುತ್ತದೆ. ಧಾರೆ ಬರುವ ಮೊದಲೇ ಮುಚ್ಚಳದ ಬಳಿ ಒದ್ದೆಯಾದರೆ ಅದು ಎಂ-ಸೀಲ್ ಸೋರಿಕೆ, ಸೈಫನ್ ಅಲ್ಲ. ಒಳಗೆ ಕೈಹಾಕಿ ಬಾಗನ್ನು 2 ಸೆಂ.ಮೀ. ತಗ್ಗಿಸಿದರೆ ಯಾವ ಮಟ್ಟದಲ್ಲಿ ಹರಿಯುತ್ತದೆ ಎಂದು ಮೊದಲು ಊಹಿಸಿ ಬರೆಸಿ, ಆಮೇಲೆ ಮಾಡಿಸಿ.

ಚಿತ್ರಪುಸ್ತಕದಲ್ಲಿ ಪುಟಕ್ಕೆ ಎರಡು ಸಾಲು. ಐದು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಸಮಯ?
— ಅತಿಥಿ ಶಿಕ್ಷಕಿ, ಹೊನ್ನಾಳಿ

ಪುಸ್ತಕದಲ್ಲಿರುವ ಒಂದು ಸಂಖ್ಯೆಯನ್ನು ಅಂಗಳಕ್ಕೆ ಒಯ್ಯಿರಿ. ರೈಟ್ ಸಹೋದರರ ಮೊದಲ ಹಾರಾಟ, 1903ರ ಡಿಸೆಂಬರ್ 17: 12 ಸೆಕೆಂಡು, 120 ಅಡಿ. ಟೇಪು ಹಿಡಿದು 120 ಅಡಿ (36.6 ಮೀಟರ್) ಅಳೆದು ಎರಡು ತುದಿಗೆ ಸುಣ್ಣದ ಗೆರೆ ಎಳೆಯಿರಿ. ಒಬ್ಬಳು ಓಡಲಿ, ಒಬ್ಬ ಗಡಿಯಾರ ನೋಡಲಿ. ಐದನೇ ತರಗತಿಯವರು 12 ಸೆಕೆಂಡಿಗೆ ಮೊದಲೇ ತಲುಪುತ್ತಾರೆ. ವಿಮಾನಕ್ಕಿಂತ ನಾನೇ ಜೋರು ಎಂದು ಕುಣಿಯುವವರಿಗೆ, ಅಂದು ವಿಮಾನ ಎದುರುಗಾಳಿಗೆ ಹಾರಿತ್ತು ಎಂದು ಆಮೇಲೆ ಹೇಳಿ. ಅದೇ ದಿನದ ನಾಲ್ಕನೇ ಹಾರಾಟ 59 ಸೆಕೆಂಡು, 852 ಅಡಿ. ಅದು ನಿಮ್ಮ ಶಾಲೆಯಿಂದ ಎಲ್ಲಿಯವರೆಗೆ ಹೋದೀತು ಎಂದು ಹೆಜ್ಜೆ ಲೆಕ್ಕದಲ್ಲಿ ನೋಡಿಸಿ. ಇಸ್ರೊದ ರೆಕ್ಕೆಯ ರಾಕೆಟ್ ಮಾದರಿ 'ಪುಷ್ಪಕ್' ತಾನಾಗಿ ಇಳಿಯುವ ಪರೀಕ್ಷೆ ನಡೆದದ್ದು ಪಕ್ಕದ ಚಿತ್ರದುರ್ಗ ಜಿಲ್ಲೆಯ ರನ್‌ವೇಯಲ್ಲೇ, 2023 ಮತ್ತು 2024ರಲ್ಲಿ ಎಂಬುದನ್ನೂ ಸೇರಿಸಿ.

ನಮ್ಮ ಶಾಲೆಯ ಹನ್ನೆರಡು ಪುಸ್ತಕದ ಸೆಟ್‌ನಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಹುಡುಗಿಯರು ಕೇಳುತ್ತಾರೆ.
— ಶಿಕ್ಷಕಿ, ಹೊಳಲ್ಕೆರೆ

ಕೇಳಿದ್ದು ಸರಿಯಾಗಿಯೇ ಇದೆ. ಕಾರಿನ ಗಾಜು ಒರೆಸುವ ವೈಪರ್‌ಗೆ 1903ರಲ್ಲಿ ಪೇಟೆಂಟ್ ಪಡೆದವರು ಮೇರಿ ಆ್ಯಂಡರ್ಸನ್. ಗುಂಡು ತಡೆಯುವ ಅಂಗಿಗೆ ಬಳಸುವ ಕೆವ್ಲಾರ್ ಎಳೆ 1965ರಲ್ಲಿ ಸ್ಟೆಫನಿ ಕ್ವೊಲೆಕ್ ಅವರಿಗೆ ದಕ್ಕಿತು. ಆದರೆ ಚಿತ್ರದುರ್ಗದವರಿಗೆ ಅಣ್ಣಾ ಮಣಿ (1918–2001) ಅವರೇ ಸರಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದು, ಮುಂದೆ ಹವಾಮಾನ ಇಲಾಖೆಯಲ್ಲಿ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದವರು. ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂಬ ಸಮೀಕ್ಷೆಯಲ್ಲೂ ಅವರ ಕೈಯಿದೆ. ಚಿತ್ರದುರ್ಗದ ಹೆದ್ದಾರಿಯಿಂದ ಕಾಣುವ ಗಾಳಿಯಂತ್ರಗಳ ಸಾಲಿಗೂ ಇದಕ್ಕೂ ಸಂಬಂಧ ಹಚ್ಚುವುದು ಮಕ್ಕಳಿಗೆ ಕಷ್ಟವಲ್ಲ: ಅಳೆಯದೆ ಅಂಥ ಯಂತ್ರ ಎಲ್ಲಿ ನಿಲ್ಲಿಸುತ್ತೀರಿ?

ಗಾಳಿ ಅಳೆಯುವ ಬಟ್ಟಲು ಮಾಡಿಸಿ. 30 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ರಟ್ಟಿನ ಪಟ್ಟಿಗಳನ್ನು ಅಡ್ಡಡ್ಡ ಇಟ್ಟು ನಡುವೆ ಪಿನ್ ಹೊಡೆಯಿರಿ. ನಾಲ್ಕು ತುದಿಗೆ ನಾಲ್ಕು ಕಾಗದದ ಟೀ ಕಪ್, ಒಂದಕ್ಕೆ ಬಣ್ಣ. ನಡುವಿನಿಂದ ಗುಂಡುಸೂಜಿ ತೂರಿಸಿ, ಒಂದು ಮಣಿ ಪೋಣಿಸಿ, ಪೆನ್ಸಿಲ್ ಹಿಂದಿನ ರಬ್ಬರಿಗೆ ಚುಚ್ಚಿ. ಬಣ್ಣದ ಕಪ್ 30 ಸೆಕೆಂಡಿಗೆ ಎಷ್ಟು ಸುತ್ತು ಬಂತು ಎಂದು ಎಣಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆಯಲಿ. ತಿರುಗದಿದ್ದರೆ ಸೂಜಿ ಬಿಗಿಯಾಗಿದೆ ಅಥವಾ ಒಂದು ಕಪ್ ಬಾಯಿ ಉಳಿದವುಗಳ ಎದುರು ದಿಕ್ಕಿಗಿದೆ. ಎಲ್ಲ ಬಾಯಿಗಳೂ ಒಂದನ್ನೊಂದು ಹಿಂಬಾಲಿಸಬೇಕು.

ಎಂಟನೇ ತರಗತಿಯವರನ್ನು ಇನ್‌ಸ್ಪೈರ್ ಮಾನಕ್‌ಗೆ ಕಳಿಸಬೇಕು. ಪುಸ್ತಕ ಓದಿಸಿದರೆ ಐಡಿಯಾ ಬರುತ್ತದೆಯೇ?
— ಪ್ರೌಢಶಾಲಾ ಶಿಕ್ಷಕ, ಮೊಳಕಾಲ್ಮೂರು

ಪುಸ್ತಕದಿಂದ ಐಡಿಯಾ ಬರುವುದಿಲ್ಲ, ಐಡಿಯಾ ಹುಡುಕುವ ರೀತಿ ಬರುತ್ತದೆ. ಮಾನಕ್ ಎಂದರೆ ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ. ಆಯ್ಕೆಯಾದರೆ ಮಾದರಿ ಮಾಡಲು ವಿದ್ಯಾರ್ಥಿಯ ಖಾತೆಗೆ 10,000 ರೂಪಾಯಿ ಬರುತ್ತದೆ ಎಂದಾಗ ಎಲ್ಲರೂ ಯೂಟ್ಯೂಬ್‌ಗೆ ಓಡುತ್ತಾರೆ. ಸಿರಿಂಜಿನ ಹೈಡ್ರಾಲಿಕ್ ಲಿಫ್ಟ್, ಜ್ವಾಲಾಮುಖಿ ಇವು ಅಲ್ಲಿಂದಲೇ ಬರುವುದು, ಬಿದ್ದುಹೋಗುವುದೂ ಅದಕ್ಕೇ.

ಬದಲಿಗೆ ಪ್ರತಿಯೊಬ್ಬರಿಗೂ 100 ಪುಟದ ಒಂದು ನೋಟ್‌ಬುಕ್. ಎಡಪುಟದಲ್ಲಿ ದಿನಾಂಕ ಹಾಕಿ ಮನೆಯವರು ಬೈದುಕೊಳ್ಳುವ ಒಂದು ಕೆಲಸ ಬರೆಯಬೇಕು: ಶೇಂಗಾ ಸುಲಿದು ಅಮ್ಮನ ಹೆಬ್ಬೆರಳು ನೋಯುವುದು, ಮಗ್ಗದಲ್ಲಿ ಎಳೆ ಹರಿದದ್ದು ಗೊತ್ತಾಗದೆ ಒಂದು ಗೇಣು ನೇಯ್ದುಬಿಡುವುದು. ಬಲಪುಟದಲ್ಲಿ ಚಿತ್ರ, ಅಳತೆ, ಕೆಟ್ಟದ್ದು ಏಕೆ. ಹರಿದು ಬಿಸಾಡುವಂತಿಲ್ಲ. ಮಾರ್ಗರೆಟ್ ನೈಟ್ ಅವರ ಯಂತ್ರವನ್ನು ಕಂಡಿದ್ದ ಚಾರ್ಲ್ಸ್ ಆ್ಯನನ್ ಎಂಬಾತ ಅದು ತನ್ನದೆಂದು ಪೇಟೆಂಟ್‌ಗೆ ಮುಂದಾದಾಗ ಆಕೆಯನ್ನು ಗೆಲ್ಲಿಸಿದ್ದು ಆಕೆಯವೇ ನಕ್ಷೆ, ಟಿಪ್ಪಣಿಗಳು; ಪೇಟೆಂಟ್ 1871ರಲ್ಲಿ ಆಕೆಯ ಹೆಸರಿಗೇ ಬಂತು. ನೋಟ್‌ಬುಕ್ ಕೊಡುವ ದಿನ ಇದನ್ನು ಓದಿ ಹೇಳಿ.

ನಿಮ್ಮೂರಲ್ಲಿ ಇನ್ನೊಂದು ಅನುಕೂಲವಿದೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಮಗ್ಗದಲ್ಲಿ ರಟ್ಟಿನ ತೂತುಗಳೇ ಹಾಸಿನ ಯಾವ ಎಳೆ ಮೇಲೇಳಬೇಕೆಂದು ತೀರ್ಮಾನಿಸುತ್ತವೆ. ಆ ತೂತಿನ ರಟ್ಟಿನ ಮಾಲೆ ನೇಕಾರರ ಮನೆಯಲ್ಲಿ ಮಕ್ಕಳ ಕಣ್ಣೆದುರೇ ಇರುತ್ತದೆ. ಪುಸ್ತಕದ ಚಿತ್ರ ತೋರಿಸುವ ಮೊದಲು ಮಗ್ಗದ ಮುಂದೆ ಅರ್ಧ ಗಂಟೆ ಕೂರಿಸಿ, ಒಂದು ತೂತು ಮುಚ್ಚಿದರೆ ಸೆರಗಿನಲ್ಲಿ ಏನಾಗುತ್ತದೆ ಎಂದು ನೇಕಾರರನ್ನೇ ಕೇಳಲಿ. ಚಳ್ಳಕೆರೆ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಪ್ರಯೋಗ ಮಾಡಿಸುವ ಕೈ ಪಳಗಿಸಲು ನೀವೂ ಹೋಗಿಬರಬಹುದು.

ನಲಿ-ಕಲಿ (1ರಿಂದ 3ನೇ ತರಗತಿ) ಮಕ್ಕಳಿಗೆ ಇದೆಲ್ಲ ಹೆಚ್ಚಾಗದೇ?
— ಶಿಕ್ಷಕಿ, ಚನ್ನಗಿರಿ ತಾಲ್ಲೂಕು

ಪೇಟೆಂಟ್ ಹೆಚ್ಚಾಗುತ್ತದೆ, ಬ್ರೈಲ್ ಆಗುವುದಿಲ್ಲ. ಮೂರು ವರ್ಷದಲ್ಲಿ ಕಣ್ಣಿಗೆ ಪೆಟ್ಟು ಬಿದ್ದು ದೃಷ್ಟಿ ಕಳೆದುಕೊಂಡ ಲೂಯಿ ಬ್ರೈಲ್ 15ನೇ ವಯಸ್ಸಿಗೆ ಆರು ಚುಕ್ಕೆಯ ಲಿಪಿ ರೂಪಿಸಿದ. ಚುಕ್ಕೆಗಳು ಎಡಸಾಲಿನಲ್ಲಿ ಮೇಲಿನಿಂದ 1, 2, 3. ಬಲಸಾಲಿನಲ್ಲಿ 4, 5, 6. ಕನ್ನಡ ಬ್ರೈಲ್‌ನಲ್ಲಿ 'ಅ' ಎಂದರೆ 1, 'ಕ' ಎಂದರೆ 1-3, 'ಲ' ಎಂದರೆ 1-2-3, 'ಮ' ಎಂದರೆ 1-3-4. ಹಳೆಯ ಮದುವೆ ಕಾರ್ಡಿನ ದಪ್ಪ ಕಾಗದವನ್ನು ಮಡಚಿದ ಬಟ್ಟೆಯ ಮೇಲಿಟ್ಟು ಖಾಲಿ ರೀಫಿಲ್‌ನಿಂದ ಒತ್ತಿಸಿ. ಉಬ್ಬು ಬರುವುದು ಹಿಂಬದಿಗೆ, ಆದ್ದರಿಂದ ತಿರುಗಿಸಿದಾಗ ಎಡಬಲ ಅದಲುಬದಲಾಗಿ 'ಮ' ಇನ್ನೇನೋ ಆಗಿರುತ್ತದೆ. ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಒತ್ತಬೇಕು. ಇದನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ಬಾಯಿ ಬಿಡಬೇಡಿ. ಜೋರಾಗಿ ಒತ್ತಿ ತೂತು ಬಿದ್ದರೆ ಬೆರಳಿಗೆ ಸಿಗುವುದಿಲ್ಲ. ಚೂಪು ಮೊಳೆ, ಕೈವಾರ ಕೊಡಬೇಡಿ.

ಪುಸ್ತಕಕ್ಕೆ ದುಡ್ಡಿಲ್ಲ.
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಹೊಸದುರ್ಗ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಮೊದಲು ಹುಡುಕಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಅರವಿಂದ ಗುಪ್ತ ಅವರ ತಾಣದಲ್ಲಿ ಕಸದಿಂದ ಆಟಿಕೆ ಮಾಡುವ ವಿಧಾನಗಳು ಸಿಗುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕಬೇಡಿ.

ಮುದ್ರಿಸುವಾಗ ಒಂದು ಮಾತು. ಬಣ್ಣದ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿದರೆ ಯಂತ್ರದ ಭಾಗಗಳೆಲ್ಲ ಒಂದೇ ಕಪ್ಪಾಗಿ ಹಲ್ಲು ಯಾವುದು, ಚಕ್ರ ಯಾವುದು ತಿಳಿಯುವುದಿಲ್ಲ. ಯಂತ್ರದ ಪುಟ ಒಂದನ್ನು ಮಾತ್ರ ಬಣ್ಣದಲ್ಲಿ ತೆಗೆಸಿ, ಉಳಿದವು ಕಪ್ಪುಬಿಳುಪು ಸಾಕು. ಎ4 ಹಾಳೆಯನ್ನು ನಡುವೆ ಮಡಚಿ ಪುಸ್ತಕ ಮಾಡುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಅಂಗಡಿಯವರಿಗೆ 'ಬುಕ್‌ಲೆಟ್' ಎಂದು ಹೇಳಿ, ಮೊದಲು ಒಂದೇ ಪ್ರತಿ ತೆಗೆಸಿ ಮಡಚಿ ನೋಡಿ.